ಹೋಗಿಬರುವ ದಾರಿ

(ಶತಮಾನೋತ್ಸವದ ಹಳೆ ವಿದ್ಯಾರ್ಥಿ ಗೋಷ್ಠಿಯಲ್ಲಿ ಓದಿದ ಭಾಷಣ)



ಈ ಗೋಷ್ಠಿಯಲ್ಲಿ ಮಾತನಾಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿಕಳುಹಿಸಿದಾಗ ನಮಗೆ ಅಳುಕಾಯಿತು. ಹಳೆ ವಿದ್ಯಾರ್ಥಿಗಳೆಂದರೆ ಹೊರಗೆ ಹೋಗಿ ಏನನ್ನಾದರೂ ಸಾಧಿಸಿ ಬಂದವರು ಎಂಬುದು ನಮ್ಮ ಕಲ್ಪನೆ. ನಾವಾದರೋ 2018ರಲ್ಲಿ ಇಲ್ಲಿಂದ ಹತ್ತನೆಯ ತರಗತಿ ಮುಗಿಸಿ ಹೊರಟ ಐದು ಮಂದಿ. ಸ್ನಾತಕೋತ್ತರ ಪದವಿಯ ಕೊನೆಯ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿರುವವರು. ತೋರಿಸುವುದಕ್ಕೆ ನಮ್ಮ ಕೈಯಲ್ಲಿ ಇರುವುದು ಈ ತಿಂಗಳ ಕೊನೆಗೆ ಅವಧಿ ಮುಗಿಯುವ ರೈಲ್ವೆ ಸೀಸನ್ ಟಿಕೆಟು ಮಾತ್ರ. ಇದನ್ನೇ ಮುಖ್ಯೋಪಾಧ್ಯಾಯರಲ್ಲಿ ಅರಿಕೆಮಾಡಿಕೊಂಡೆವು. ‘ತಲಪಿದವರ ಮಾತು ಈ ಸಂಪುಟದಲ್ಲಿ ಬೇಕಾದಷ್ಟಿದೆ, ಹೊರಟು ನಿಂತವರದ್ದೂ ಸ್ವಲ್ಪ ಇರಲಿ’ ಎಂದರು. ಹಾಗಾಗಿ ಐವರೂ ಕುಳಿತು ಇದನ್ನು ಬರೆದೆವು. ಓದುತ್ತಿರುವ ಸ್ವರ ಒಂದಾದರೂ ಮಾತು ಐವರದು. ಕೆಲವೆಡೆ ನಮ್ಮೊಳಗೆ ಒಮ್ಮತವಿಲ್ಲ. ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಿಲ್ಲ.

ಕಳೆದ ಐದು ವರ್ಷ ನಮ್ಮ ವಿದ್ಯಾಭ್ಯಾಸ ನಡೆದದ್ದು ಮಂಗಳೂರಿನಲ್ಲಿ ಎಂದು ಅಂಕಪಟ್ಟಿ ಹೇಳುತ್ತದೆ. ಗಂಟೆಗಳ ಲೆಕ್ಕ ಹಿಡಿದರೆ ಅದರ ಒಂದು ದೊಡ್ಡ ಪಾಲು ನಡೆದದ್ದು ಕುಂಬಳೆ ನಿಲ್ದಾಣಕ್ಕೂ ಮಂಗಳೂರು ಸೆಂಟ್ರಲ್‌ಗೂ ನಡುವೆ. ಬೆಳಗ್ಗೆ ಕಣ್ಣೂರಿನಿಂದ ಬರುವ ಪ್ಯಾಸೆಂಜರ್ ರೈಲು ನಮ್ಮ ನಿಲ್ದಾಣಕ್ಕೆ ಬರುವಾಗಲೇ ಕಾಸರಗೋಡಿನವರಿಂದ ತುಂಬಿರುತ್ತದೆ. ಶಿರಿಯಾ ಹೊಳೆ ದಾಟುವವರೆಗೆ ಬಾಗಿಲ ಬಳಿ ನಿಂತು, ಉಪ್ಪಳದಲ್ಲಿ ಇನ್ನಷ್ಟು ಒತ್ತಿಕೊಂಡು, ಮಂಜೇಶ್ವರ ಕಳೆದ ಮೇಲೆ ಒಂದು ಕಾಲಿಗಾದರೂ ನೆಲ ಸಿಕ್ಕಿತೆಂದು ಸಮಾಧಾನಪಟ್ಟುಕೊಂಡು ಹೋಗುವ ಪ್ರಯಾಣ ಅದು. ನಮ್ಮಲ್ಲಿ ಇಬ್ಬರು ಕೊಣಾಜೆಯ ವಿಶ್ವವಿದ್ಯಾನಿಲಯದವರು. ಅವರು ಉಳ್ಳಾಲದಲ್ಲಿ ಇಳಿದು, ತೊಕ್ಕೊಟ್ಟಿಗೆ ನಡೆದು, ದೇರಳಕಟ್ಟೆಯ ದಾರಿಯಾಗಿ ಹೋಗುವ ಬಸ್ಸು ಹಿಡಿಯಬೇಕು. ಉಳಿದ ಮೂವರು ಪೇಟೆಯವರೆಗೆ ಹೋಗುವವರು. ನೇತ್ರಾವತಿ ಸೇತುವೆ ದಾಟಿದ ಮೇಲೆ ರೈಲು ಪ್ಲಾಟ್‌ಫಾರ್ಮ್ ಖಾಲಿಯಾಗುವುದನ್ನು ಕಾಯುತ್ತ ನಿಂತುಬಿಡುತ್ತದೆ. ನಿಲ್ದಾಣ ಹತ್ತಿರವೇ ಇದೆ; ಮೊದಲ ಅವಧಿಯ ಹಾಜರಿ ಅಲ್ಲಿಯೇ ಕರಗುತ್ತದೆ. ಆ ನಿಂತ ರೈಲಿನಲ್ಲಿ ನಾವು ಓದಿದ ಪುಟಗಳು ಗ್ರಂಥಾಲಯದಲ್ಲಿ ಓದಿದವುಗಳಿಗಿಂತ ಕಡಮೆಯೇನಲ್ಲ.

ಈ ದಾರಿ ನಮ್ಮ ಶಾಲೆಗಿಂತ ಹಳೆಯದು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ನಮ್ಮ ಶಾಲೆ ಆರಂಭವಾದದ್ದು 1925ರಲ್ಲಿ. ಇಲ್ಲಿಂದ ಹೊರಟ ಮೊದಲ ತಂಡಗಳಲ್ಲಿ ಮುಂದೆ ಓದಬಯಸಿದ ಹುಡುಗರೂ ಇದೇ ಹಳಿಯ ಮೇಲೆ ಹೋಗಿರಬೇಕು, 1880ರಲ್ಲಿಯೇ ಸ್ಥಾಪಿತವಾಗಿದ್ದ ಸಂತ ಅಲೋಶಿಯಸ್ ಕಾಲೇಜಿಗೋ ಸರಕಾರಿ ಕಾಲೇಜಿಗೋ. ಅಂದು ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಮಂಗಳೂರು ಅದರ ಜಿಲ್ಲಾ ಕೇಂದ್ರ. ಆ ಹುಡುಗ ಸಂಜೆ ಮನೆಗೆ ಬಂದು ‘ಮಂಗಳೂರಿಗೆ ಹೋಗಿ ಬಂದೆ’ ಎಂದರೆ ಪೇಟೆಗೆ ಹೋಗಿ ಬಂದೆ ಎಂದಷ್ಟೇ ಅರ್ಥ. 1956ರ ನವೆಂಬರ್ 1ರಿಂದ ಅದೇ ಪ್ರಯಾಣ ಒಂದು ರಾಜ್ಯದಿಂದ ಮತ್ತೊಂದು ರಾಜ್ಯಕ್ಕೆ ಹೋಗುವ ಪ್ರಯಾಣವಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದ್ದೂ ಅದು ಕಾಗದದಲ್ಲಿ ಉಳಿದದ್ದೂ ತಮಗೆಲ್ಲ ನಮಗಿಂತ ಚೆನ್ನಾಗಿ ಗೊತ್ತಿದೆ. ಆ ಚರಿತ್ರೆಯನ್ನು ಮತ್ತೆ ಹೇಳುವುದಕ್ಕೆ ನಾವು ಎದ್ದುನಿಂತಿಲ್ಲ. ಹಿರಿಯರು ಆ ಮಾತನ್ನು ಎತ್ತಿದಾಗಲೆಲ್ಲ ಗಡಿ ಎಂದರೆ ಸಭೆಗಳಲ್ಲಿ ಇರುವ ಒಂದು ವಿಷಯ ಎಂದು ನಾವು ಭಾವಿಸಿದ್ದೆವು. ರೈಲು ತಲಪಾಡಿಯ ಬಳಿ ಎಲ್ಲಿಯೂ ನಿಲ್ಲುತ್ತಿರಲಿಲ್ಲವಲ್ಲ, ಕಿಟಕಿಯಿಂದ ನೋಡಿದರೆ ಈಚೆಯ ತೆಂಗಿಗೂ ಆಚೆಯ ತೆಂಗಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಗಡಿ ಎಂದರೇನೆಂದು ನಮಗೆ ತಿಳಿದದ್ದು 2020ರಲ್ಲಿ. ಆ ಮಾರ್ಚ್ ತಿಂಗಳಲ್ಲಿ ನಾವು ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆಯುತ್ತಿದ್ದೆವು. ಪರೀಕ್ಷೆ ನಡುವೆಯೇ ನಿಂತಿತು. ಉಳಿದ ವಿಷಯಗಳನ್ನು ಮೇ ಕೊನೆಯಲ್ಲಿ ಬರೆಯಬೇಕಾಯಿತು. ಅಷ್ಟರೊಳಗೆ ರಸ್ತೆಗಳಿಗೆ ಮಣ್ಣು ಸುರಿದಾಗಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು, ಕೆಲವರು ಉಳಿಯಲಿಲ್ಲ. ವಿಷಯ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆ ದಿನಗಳಲ್ಲಿ ನಮ್ಮೊಬ್ಬನ ಅಜ್ಜಿ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಕೊನೆಗೆ ದಕ್ಷಿಣದ ಕಡೆ ಒಂದು ವ್ಯವಸ್ಥೆಯಾಯಿತು, ಅಜ್ಜಿ ಇನ್ನೂ ಮೂರು ವರ್ಷ ಬದುಕಿದರು. ಆದರೆ ಅಂದಿನಿಂದ ಆ ಮನೆಯಲ್ಲಿ ‘ಮಂಗಳೂರು ಇದೆಯಲ್ಲ’ ಎಂಬ ಮಾತನ್ನು ಯಾರೂ ಹಿಂದಿನ ಧೈರ್ಯದಿಂದ ಹೇಳುವುದಿಲ್ಲ.

ಹೀಗಿರುವಾಗ ಅದೇ ವರ್ಷದ ಕೊನೆಗೆ ನಾವು ಮಂಗಳೂರಿನ ಕಾಲೇಜುಗಳಿಗೆ ಸೇರಿದೆವು. ಮನೆಯವರು ಬೇಡವೆಂದರು. ಬೇರೆ ಯಾವ ಊರು ಎಂದು ಕೇಳಿದರೆ ಅವರಲ್ಲಿಯೂ ಉತ್ತರವಿರಲಿಲ್ಲ. ಪ್ಯಾಸೆಂಜರ್ ರೈಲು ಓಡುತ್ತಿರಲಿಲ್ಲವಾದ್ದರಿಂದ ಬಸ್ಸಿನಲ್ಲಿ ಹೋದೆವು. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರು 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿ ತರಬೇಕೆಂಬ ನಿಯಮ ಬಂತು, ಆಗಸ್ಟಿನಲ್ಲಿ ಮತ್ತೆ ಬಂತು. ದಿನವೂ ಹೋಗಿಬರುವವರಿಗೆ 72 ಗಂಟೆ ಎಂದರೆ ಏನು ಎಂಬುದನ್ನು ಹೊರಗಿನವರಿಗೆ ತಿಳಿಸುವುದು ಕಷ್ಟ. ಸೋಮವಾರದ ವರದಿ ಗುರುವಾರ ಹಳತಾಗುತ್ತದೆ. ಬಸ್ಸು ತಲಪಾಡಿಯವರೆಗೆ ಮಾತ್ರ. ಇಳಿದು, ವರದಿ ತೋರಿಸಿ, ಆಚೆಗೆ ನಡೆದು, ಅಲ್ಲಿ ಕಾಯುವ ಮತ್ತೊಂದು ಬಸ್ಸು ಹತ್ತಬೇಕು. ವರದಿ ಬರಲು ತಡವಾದ್ದರಿಂದ ನಮ್ಮಲ್ಲೊಬ್ಬಳು ಆಂತರಿಕ ಪರೀಕ್ಷೆಯನ್ನು ತಪ್ಪಿಸಿಕೊಂಡಳು. ಮರುದಿನ ಅವಳಿಗಾಗಿ ಒಂದು ಗಂಟೆ ಬೇಗ ಬಂದು ಪರೀಕ್ಷೆ ಬರೆಯಿಸಿದ ಅಧ್ಯಾಪಿಕೆಯನ್ನು ನಾವು ಇಂದಿಗೂ ನೆನೆಯುತ್ತೇವೆ. ನಿಯಮ ಮಾಡಿದವರ ಮೇಲೆ ನಮಗೆ ಈಗ ಕೋಪವಿಲ್ಲ, ರೋಗ ಎಲ್ಲರನ್ನೂ ಹೆದರಿಸಿತ್ತು. ಆ ತಿಂಗಳುಗಳಲ್ಲಿ ನಮ್ಮ ಸಹಪಾಠಿಗಳಾಗಿದ್ದ ಇನ್ನು ನಾಲ್ವರು ಓದು ಬಿಟ್ಟರು ಎಂಬುದನ್ನು ಮಾತ್ರ ಇಲ್ಲಿ ದಾಖಲಿಸಬೇಕೆನಿಸಿತು. ಅವರಲ್ಲಿ ಇಬ್ಬರು ಇಂದು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಶತಮಾನೋತ್ಸವದ ನಿಧಿಗೆ ನಮ್ಮ ತಂಡದಿಂದ ಹೆಚ್ಚು ಹಣ ಕಳುಹಿಸಿದವರು ಅವರೇ.

ರೈಲು ಮತ್ತೆ ಓಡತೊಡಗಿದಾಗ ಅದು ಪ್ಯಾಸೆಂಜರ್ ಎಂಬ ಹೆಸರು ಬಿಟ್ಟು ಎಕ್ಸ್‌ಪ್ರೆಸ್ ಆಗಿತ್ತು. ವೇಗ ಹಳೆಯದೇ, ಕನಿಷ್ಠ ದರ ಮಾತ್ರ ಹತ್ತು ರೂಪಾಯಿಯಿಂದ ಮೂವತ್ತಕ್ಕೆ ಏರಿತ್ತು. 2024ರಲ್ಲಿ ಅದು ಮತ್ತೆ ಹತ್ತಕ್ಕೆ ಇಳಿದ ದಿನ ಉಪ್ಪಳದಲ್ಲಿ ಹತ್ತಿದ ಮೀನು ಮಾರುವ ಅಜ್ಜಿಯೊಬ್ಬರು ಟಿಕೆಟನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ನಡೆಯುತ್ತದೆಯೇ ಮಗಾ ಎಂದು ತುಳುವಿನಲ್ಲಿ ನಮ್ಮನ್ನು ಕೇಳಿದರು.

ಅತ್ತ ಹೆದ್ದಾರಿಯ ಕೆಲಸವೂ ನಮ್ಮ ಪದವಿಯೂ ಹೆಚ್ಚುಕಡಮೆ ಒಟ್ಟಿಗೆ ಸಾಗಿದವು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಆರು ಪಥವಾಯಿತು. ನಾವು ಚಿಕ್ಕವರಿದ್ದಾಗ ಬಸ್ಸು ಕಾಯುತ್ತಿದ್ದ ಮರದ ನೆರಳು ಹೋಯಿತು, ತಂಗುದಾಣ ಎಲ್ಲಿದೆಯೆಂದು ತಿಂಗಳಿಗೊಮ್ಮೆ ಹುಡುಕಬೇಕಾಯಿತು. ಈಗ ಕಾರುಗಳು ನಮ್ಮೂರನ್ನು ಕ್ಷಣದಲ್ಲಿ ದಾಟಿಹೋಗುತ್ತವೆ. ಅತ್ತ ಬದಿಯ ಅಂಗಡಿಗೆ ಹೋಗಬೇಕಾದ ಮುದುಕರು ಕೆಳಸೇತುವೆಯವರೆಗೆ ನಡೆದು ಸುತ್ತಿ ಬರುತ್ತಾರೆ.

ಓದಿನ ಜೊತೆಗೆ ನಾವು ಮಾಡಿದ ಕೆಲಸಗಳ ಬಗೆಗೂ ಹೇಳಬೇಕು. ಒಬ್ಬನು ಮಂಗಳೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದ. ಹೆಚ್ಚಿನವು ಮದುವೆಯ ಕರೆಯೋಲೆಗಳು, ಬ್ರಹ್ಮಕಲಶದ ಆಮಂತ್ರಣಗಳು. ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲವಿಲ್ಲದ ಹುಡುಗ ಎಂದು ಆ ಮುದ್ರಣಾಲಯದ ಯಜಮಾನರು ಅವನನ್ನು ಬಂದವರಿಗೆಲ್ಲ ಪರಿಚಯಿಸುತ್ತಿದ್ದರಂತೆ. ಆ ಕೀರ್ತಿ ಸಲ್ಲಬೇಕಾದದ್ದು ಇಲ್ಲಿ ಕೆಂಪು ಶಾಯಿಯಿಂದ ನಮ್ಮ ಪುಟಗಳನ್ನು ತುಂಬಿಸಿದ ಪಂಡಿತರಿಗೆ. ಮತ್ತೊಬ್ಬನು ಜವುಳಿ ಅಂಗಡಿಯಲ್ಲಿ ಸಂಜೆ ದುಡಿದ, ಅಂಗಡಿ ಮುಚ್ಚುವ ಹೊತ್ತಿಗೂ ಕೊನೆಯ ರೈಲಿಗೂ ಹೊಂದಿಕೆಯಾಗದೆ ಮೂರೇ ತಿಂಗಳಲ್ಲಿ ಬಿಟ್ಟ. ಇಬ್ಬರು ಊರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿದರು. ಐದನೆಯವಳ ಕಥೆ ಸ್ವಲ್ಪ ಉದ್ದ, ನಾವು ಇಲ್ಲಿ ಹೇಳಬಂದದ್ದೂ ಮುಖ್ಯವಾಗಿ ಅದನ್ನೇ.

ಒಂಬತ್ತನೆಯ ತರಗತಿಯಲ್ಲಿ ನಮಗೆ ಗಣಿತ ಕಲಿಸಲು ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ಬರುವುದು ಕಾಸರಗೋಡಿನಲ್ಲಿ ಹೊಸ ಸುದ್ದಿಯಲ್ಲ, ಅದರ ವಿರುದ್ಧ ಈ ಶಾಲೆಯ ರಕ್ಷಕ-ಶಿಕ್ಷಕ ಸಂಘ ನಡೆಸಿದ ಹೋರಾಟದ ವಿವರ ಬೇರೊಂದು ಲೇಖನದಲ್ಲಿ ಇರಬಹುದು. ಆ ಮಾಷ್ಟ್ರು ಕೆಟ್ಟವರಾಗಿರಲಿಲ್ಲ. ಕರಿಹಲಗೆಯ ಮೇಲೆ ಲೆಕ್ಕವನ್ನು ಪೂರ್ತಿ ಬಿಡಿಸಿ ನಮ್ಮ ಕಡೆ ತಿರುಗಿ ನಿಲ್ಲುತ್ತಿದ್ದರು. ಅವರಿಗೂ ಮಾತಿಲ್ಲ, ನಮಗೂ ಮಾತಿಲ್ಲ. ಆಗ ಎರಡನೆಯ ಬೆಂಚಿನಲ್ಲಿದ್ದ ಇವಳು ಎದ್ದುನಿಂತು, ನೆರೆಮನೆಯವರಿಂದ ಕಲಿತ ಮಲಯಾಳದಲ್ಲಿ ಅವರ ಮಾತನ್ನು ಕೇಳಿಕೊಂಡು, ನಮಗೆ ಕನ್ನಡದಲ್ಲಿ ಹೇಳತೊಡಗಿದಳು. ಪ್ರಮೇಯ ಎಂಬ ಪದ ಅವರಿಗೆ ಗೊತ್ತಿರಲಿಲ್ಲ, ಅವರು ಬಳಸಿದ ಪದ ನಮಗೆ ಗೊತ್ತಿರಲಿಲ್ಲ. ನಡುವೆ ನಿಂತವಳಿಗೆ ಎರಡೂ ತಿಳಿಯಬೇಕಾಯಿತು. ಹೀಗೆ ನಾಲ್ಕು ತಿಂಗಳು ನಡೆಯಿತು. ಅವರು ವರ್ಗವಾಗಿ ಹೋಗುವ ದಿನ ಅವಳಿಗೆ ಒಂದು ಜ್ಯಾಮಿತಿ ಪೆಟ್ಟಿಗೆ ಕೊಟ್ಟುಹೋದರು.

ಇವಳು ಕೊಣಾಜೆಯಲ್ಲಿ ಗಣಿತದ ಎಂ.ಎಸ್‌ಸಿ. ಮಾಡಿದಳು. ದಿನವೂ ರೈಲಿನಲ್ಲಿ ಪಯ್ಯನ್ನೂರಿನಿಂದ ಬರುತ್ತಿದ್ದ ನರ್ಸ್ ಒಬ್ಬರು, ನಾವೆಲ್ಲರೂ ಚೇಚಿ ಎಂದೇ ಕರೆಯುತ್ತಿದ್ದವರು, ತಮ್ಮ ಪತ್ರಿಕೆಯ ತಲೆಬರಹಗಳನ್ನು ತೋರಿಸಿ ಇವಳಿಗೆ ಮಲಯಾಳದ ಲಿಪಿಯನ್ನು ಕಲಿಸಿದರು. ಬದಲಿಗೆ ರೋಗಿಗಳ ಜೊತೆ ಮಾತನಾಡುವಷ್ಟು ಕನ್ನಡ ಕಲಿತರು. ಕಳೆದ ತಿಂಗಳು ಬೆಂಗಳೂರಿನ ಕಂಪೆನಿಯೊಂದು ಇವಳನ್ನು ಕೆಲಸಕ್ಕೆ ಆರಿಸಿತು. ಗಣಿತದ ಪದವಿಯನ್ನು ನೋಡಿ ಕರೆದರು, ಸಂದರ್ಶನದಲ್ಲಿ ಕೇಳಿದ್ದು ಮಾತ್ರ ಭಾಷೆಗಳ ಬಗ್ಗೆ. ಕನ್ನಡ, ಮಲಯಾಳ, ತುಳು ಮೂರನ್ನೂ ತಡವರಿಸದೆ ಆಡುವ ಒಬ್ಬರು ಗ್ರಾಹಕರ ದೂರು ಕೇಳುವ ವಿಭಾಗಕ್ಕೆ ಬೇಕಾಗಿದ್ದರಂತೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ಕೆಲಸ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದ ನೆಂಟರಿಗೆ ಈಗ ಏನು ಹೇಳಬೇಕೆಂದು ಅವಳಿಗೇ ತಿಳಿಯುತ್ತಿಲ್ಲ. ಕೆಲಸ ಸಿಕ್ಕಿತು, ಗಣಿತಕ್ಕಲ್ಲ. ಕನ್ನಡ ರಾಜ್ಯದ ರಾಜಧಾನಿಯಲ್ಲಿ, ಮಲಯಾಳ ಬರುತ್ತದೆ ಎಂಬ ಕಾರಣಕ್ಕೆ!

ಅದೇ ವಾರ ಈ ಶಾಲೆಯಿಂದಲೂ ಒಂದು ಕರೆ ಬಂತು. ಗಣಿತದ ಹುದ್ದೆ ತೆರವಾಗಿದೆ. ಕಾಯಂ ನೇಮಕವಾಗುವವರೆಗೆ ದಿನವೇತನದ ಮೇಲೆ ಒಬ್ಬರು ಬೇಕು. ಬಿ.ಎಡ್. ಆದ, ಕನ್ನಡ ಬಲ್ಲ ಗಣಿತದವರು ಅರ್ಜಿ ಹಾಕಿಲ್ಲ. ಇವಳು ಬಂದರೆ ಪರಿಶೀಲಿಸಬಹುದು. ಬುಧವಾರ ಸಂದರ್ಶನ. ಬೆಂಗಳೂರಿಗೆ ಶುಕ್ರವಾರದ ಒಳಗೆ ಉತ್ತರ ಕೊಡಬೇಕು.

ಈ ವಿಷಯದಲ್ಲಿಯೇ ನಮ್ಮೊಳಗೆ ಒಮ್ಮತವಿಲ್ಲ. ಒಬ್ಬನ ಮಾತು ಹೀಗಿತ್ತು: ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ, ಆ ಎಣಿಕೆಯ ಮೇಲೆ ತರಗತಿ ವಿಭಾಗಗಳೂ ಅಧ್ಯಾಪಕರ ಹುದ್ದೆಗಳೂ ನಿರ್ಧಾರವಾಗುತ್ತವೆ. ಗಣಿತಕ್ಕೆ ಕನ್ನಡ ಬಲ್ಲವರಿಲ್ಲ ಎಂದು ಗೊತ್ತಾದರೆ ಮುಂದಿನ ಜೂನ್‌ಗೆ ಎಣಿಸಲು ತಲೆಗಳಿರುವುದಿಲ್ಲ. ಎರಡನೆಯವಳು ಇದಕ್ಕೆ ಸಿಟ್ಟಾದಳು. ನೂರು ವರ್ಷದ ಶಾಲೆಯನ್ನು ಉಳಿಸುವ ಭಾರವನ್ನು ಇನ್ನೂ ಫಲಿತಾಂಶ ಬಾರದ ಒಬ್ಬ ಹುಡುಗಿಯ ತಲೆಯ ಮೇಲೆ, ಅದೂ ದಿನವೇತನಕ್ಕೆ, ಹೊರಿಸುವುದು ನ್ಯಾಯವೇ ಎಂದಳು. ನಮ್ಮ ಐವರ ಮನೆಗಳಲ್ಲಿ ಶಾಲೆಗೆ ಹೋಗುವ ವಯಸ್ಸಿನ ಆರು ಮಕ್ಕಳಿದ್ದಾರೆ, ಅವರಲ್ಲಿ ಈ ಶಾಲೆಯಲ್ಲಿ ಇರುವವರು ಇಬ್ಬರು ಮಾತ್ರ ಎಂದು ಅವಳು ಲೆಕ್ಕ ಹೇಳಿದಾಗ ನಾವು ಸುಮ್ಮನಾದೆವು. ಈ ಲೆಕ್ಕವನ್ನು ಭಾಷಣದಲ್ಲಿ ಹೇಳಬೇಕೇ ಎಂದು ಬಹಳ ಹೊತ್ತು ಚರ್ಚಿಸಿದೆವು. ಸಭೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಲೆಕ್ಕವನ್ನು ಮನಸ್ಸಿನಲ್ಲಿ ಮಾಡಿಕೊಂಡರೆ ನಾವು ಇದನ್ನು ಹೇಳಿದ್ದಕ್ಕೆ ಕ್ಷಮೆ ಸಿಗಬಹುದು.

ಮೂರನೆಯವನು ಮಂಜೇಶ್ವರದ ಗೋವಿಂದ ಪೈಗಳನ್ನು ನೆನಪಿಸಿದ. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯ ಅನಾರೋಗ್ಯದಿಂದಾಗಿ ಪದವಿ ಪೂರೈಸದೆ ಊರಿಗೆ ಮರಳಿದವರು ಅವರು. ಮುಂದೆ ಮಂಜೇಶ್ವರದಲ್ಲಿಯೇ ಕುಳಿತು ಅಷ್ಟೊಂದು ಭಾಷೆಗಳನ್ನು ಕಲಿತು, ಸಂಶೋಧನೆ ಮಾಡಿ, 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡರು. ದಿನವೂ ಅವರ ಊರಿನ ನಿಲ್ದಾಣವನ್ನು ಹಾದುಹೋಗುವವರು ನಾವು. ಮರಳಿ ಬಂದರೆ ಬದುಕು ಮುಗಿಯಿತು ಎನ್ನಬೇಕಾಗಿಲ್ಲ ಎಂಬುದು ಅವನ ವಾದ. ಗೋವಿಂದ ಪೈಗಳ ಮನೆಯಲ್ಲಿ ಪುಸ್ತಕ ತರಿಸಿಕೊಳ್ಳುವಷ್ಟು ಅನುಕೂಲವಿತ್ತು, ಇವಳ ಅಪ್ಪನ ಅಡಕೆ ತೋಟಕ್ಕೆ ಈ ಮಳೆಯಲ್ಲಿ ಮೂರನೆಯ ಸಲ ಬೋರ್ಡೋ ದ್ರಾವಣ ಸಿಂಪಡಿಸಬೇಕಾಗಿದೆ, ಕೊಳೆರೋಗ ಕವಿಗಳನ್ನು ಕೇಳಿ ಬರುವುದಿಲ್ಲ ಎಂದು ಎರಡನೆಯವಳು ಮರುನುಡಿದಳು. ಇಬ್ಬರ ಮಾತೂ ನಿಜವೆಂದು ಉಳಿದವರಿಗೆ ಕಂಡಿತು.

ಬೆಂಗಳೂರು ಎಂದರೆ ದೂರವೇನಲ್ಲ, ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೇವೆ ಎಂದು ನಮ್ಮವರು ಹೇಳುತ್ತಾರೆ. ಕಣ್ಣೂರಿನಿಂದ ರೈಲೂ ಇದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿಯುವವರೆಗೆ ಆ ಮಾತು ಸರಿಯೇ. ನಮ್ಮ ಯೋಚನೆ ದೂರದ ಬಗ್ಗೆ ಅಲ್ಲ. ಇಷ್ಟು ವರ್ಷ ನಾವು ಹೋದದ್ದೆಲ್ಲ ಸಂಜೆ ಮರಳುವ ಹೋಗುವಿಕೆ. ಬೆಳಗ್ಗೆ ಅಮ್ಮ ಕಟ್ಟಿಕೊಟ್ಟ ಬುತ್ತಿ ಖಾಲಿಯಾಗಿ ಅದೇ ದಿನ ಮನೆಯ ಅಡುಗೆಕೋಣೆಗೆ ಬರುತ್ತಿತ್ತು. ಗಡಿ ಮುಚ್ಚಿದ ದಿನಗಳಲ್ಲಿಯೂ ತಲಪಾಡಿಯಲ್ಲಿ ನಾವು ಜಗಳವಾಡಿದ್ದು ಮರಳಿ ಬರುವ ಹಕ್ಕಿಗಾಗಿಯೇ. ಮುಂದಿನ ತಿಂಗಳಿಂದ ಕರಡು ತಿದ್ದುತ್ತಿದ್ದವನು ಮೈಸೂರಿಗೆ ಹೋಗುತ್ತಾನೆ, ಒಬ್ಬಳು ಬಿ.ಎಡ್. ಓದಲು ಕಾಸರಗೋಡಿನ ದಕ್ಷಿಣಕ್ಕೆ, ಮತ್ತೊಬ್ಬನಿಗೆ ಅವನ ಸೋದರಮಾವ ದುಬಾಯಿಯಿಂದ ವೀಸಾ ಕಳುಹಿಸಲಿದ್ದಾರೆ. ಜವುಳಿ ಅಂಗಡಿ ಬಿಟ್ಟವನು ಇನ್ನೂ ಹುಡುಕುತ್ತಿದ್ದಾನೆ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗೆ ಲೋಕಸೇವಾ ಆಯೋಗ ಅರ್ಜಿ ಕರೆಯುವುದನ್ನು ಕಾಯುತ್ತಿದ್ದಾನೆ. ಮಂಗಳೂರಿನ ಪದವಿಯನ್ನು ಇಲ್ಲಿ ಮಾನ್ಯಮಾಡಿಸಿಕೊಳ್ಳುವ ಕಾಗದಗಳ ಒಂದು ಕಡತವನ್ನೇ ಅವನು ಈಗಾಗಲೇ ಕಟ್ಟಿಟ್ಟಿದ್ದಾನೆ.

ಅವಳು ಏನು ತೀರ್ಮಾನಿಸಿದಳು ಎಂದು ತಾವು ಕೇಳಬಹುದು. ಅವಳು ಇದೇ ಸಭೆಯಲ್ಲಿ ಕುಳಿತಿದ್ದಾಳೆ. ದಯವಿಟ್ಟು ಯಾರೂ ತಿರುಗಿ ಹುಡುಕಬಾರದು. ಈ ಭಾಷಣವನ್ನು ಬರೆದವರಲ್ಲಿ ಅವಳೂ ಒಬ್ಬಳು, ಮೇಲಿನ ಭಾಗ ಬರುವಾಗ ಮಾತ್ರ ಲೇಖನಿಯನ್ನು ಪಕ್ಕದವನ ಕೈಗೆ ಕೊಟ್ಟಳು. ಮೊನ್ನೆ ಸಂಜೆ ಅವಳ ಮನೆಗೆ ಹೋದಾಗ ಒಂಬತ್ತನೆಯ ತರಗತಿಯ ಈಗಿನ ಗಣಿತ ಪುಸ್ತಕ ಮೇಜಿನ ಮೇಲಿತ್ತು. ಅದರ ಪಕ್ಕದಲ್ಲಿ ಕಂಪೆನಿಯ ಪತ್ರವೂ ಇತ್ತು. ಎರಡನ್ನೂ ನೋಡಿ, ಏನನ್ನೂ ಕೇಳದೆ, ಅವಳ ಅಮ್ಮ ಕೊಟ್ಟ ಚಹಾ ಕುಡಿದು ಬಂದೆವು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇವೆ. ಸೀಸನ್ ಟಿಕೆಟಿನಲ್ಲಿ ಇನ್ನೂ ಒಂಬತ್ತು ದಿನಗಳಿವೆ. ಪರೀಕ್ಷೆ ಮುಗಿದಿರುವುದರಿಂದ ಮಂಗಳೂರಿನಲ್ಲಿ ನಮಗೆ ಈಗ ಕೆಲಸವೇನೂ ಇಲ್ಲ. ಆದರೂ ಗ್ರಂಥಾಲಯದ ಎರಡು ಪುಸ್ತಕಗಳನ್ನು ಹಿಂದಿರುಗಿಸಲು ನಾಳೆ ಬೆಳಗ್ಗೆ ಐವರೂ ಹೋಗುತ್ತಿದ್ದೇವೆ. ಸಂಜೆಯ ರೈಲಿಗೆ ಮರಳುತ್ತೇವೆ.